ಕಡ್ಡಿ ಕೇಳುವುದು ಹೇಗೆ, ನಡುಮಟ್ಟದ ಉತ್ತರದೊಂದಿಗೆ ಬಾಳುವುದು ಹೇಗೆ

ಹಾಂಗ್‌ಕಾಂಗ್, ಸಿಂಗಪುರ, ತೈವಾನ್ ಕಡೆ ಹೋಗಿ ಬಂದವರು, ಅಲ್ಲೇ ಕೆಲಸದಲ್ಲಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ‘ಚೀನೀ ದೇವಸ್ಥಾನದಲ್ಲಿ ಬಿದಿರಿನ ಕಡ್ಡಿ ಕೇಳಿದೆ. ಒಳ್ಳೆಯದೂ ಅಲ್ಲದ, ಕೆಟ್ಟದ್ದೂ ಅಲ್ಲದ ನಡುಮಟ್ಟದ ಕಡ್ಡಿ ಬಂತು. ಈಗ ಏನು ಮಾಡಲಿ? ಇನ್ನೊಮ್ಮೆ ಕೇಳಲೇ?’ ಇನ್ನೊಮ್ಮೆ ಕೇಳಬೇಡಿ. ಯಾಕೆ ಬೇಡ, ಆ ನಡುಮಟ್ಟದ ಕಡ್ಡಿಯನ್ನು ಮನೆಗೆ ತಂದು ಹೇಗೆ ಓದಬೇಕು ಎಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ. ಮೊದಲ ಸಲ ಹೋಗುವವರಿಗೂ ಅನುಕೂಲವಾಗಲಿ ಎಂದು ಆರಂಭದಿಂದಲೇ ವಿವರಿಸುತ್ತೇನೆ.

ಈ ಪದ್ಧತಿಗೆ ಕ್ಯಾಂಟನೀಸ್ ಭಾಷೆಯಲ್ಲಿ ‘ಕಾವ್ ಚಿಮ್’ ಎನ್ನುತ್ತಾರೆ, ಮ್ಯಾಂಡರಿನ್‌ನಲ್ಲಿ ‘ಚ್ಯೂ ಚಿಯೆನ್’. ಎರಡಕ್ಕೂ ಅರ್ಥ ಕಡ್ಡಿಯನ್ನು ಬೇಡುವುದು. ಬಿದಿರಿನ ಅಂಡೆಯೊಂದರಲ್ಲಿ ಸಂಖ್ಯೆ ಬರೆದ ಚಪ್ಪಟೆ ಕಡ್ಡಿಗಳಿರುತ್ತವೆ. ದೇವರ ಮುಂದೆ ಪ್ರಶ್ನೆ ಹೇಳಿಕೊಂಡು ಅಂಡೆ ಅಲುಗಾಡಿಸಿದಾಗ ಒಂದು ಕಡ್ಡಿ ಹೊರಬೀಳುತ್ತದೆ. ಅದರ ಸಂಖ್ಯೆಗೆ ಹೊಂದುವ ಚೀಟಿಯಲ್ಲಿ ಒಂದು ಪುಟ್ಟ ಪದ್ಯವಿರುತ್ತದೆ. ಆ ಪದ್ಯವೇ ಉತ್ತರ. ನಮ್ಮ ಕಡೆ ದೇವರ ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆ ಸಿಕ್ಕಿತು ಎನ್ನುತ್ತೇವಲ್ಲ, ಪ್ರಸಾದ ಕೇಳುವ ಆ ರೂಢಿಯನ್ನು ಕಂಡು ಬೆಳೆದವರಿಗೆ ಇದರ ಭಾವ ತಕ್ಷಣ ತಿಳಿಯುತ್ತದೆ. ಒಂದೇ ವ್ಯತ್ಯಾಸ: ಹೂವು ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ, ಕಡ್ಡಿ ಮಾತನಾಡುತ್ತದೆ.

ಜೊತೆಗೆ ಒಯ್ಯಬೇಕಾದದ್ದು ಹೆಚ್ಚೇನಿಲ್ಲ. ಒಂದು ಪೆನ್ನು, ಸಣ್ಣ ಪುಸ್ತಕ, ಕಾಣಿಕೆಗೆ ಸ್ವಲ್ಪ ಚಿಲ್ಲರೆ, ಮತ್ತು ಅವಸರವಿಲ್ಲದ ಒಂದು ಗಂಟೆ.

1. ದೇವಸ್ಥಾನವನ್ನು ಆರಿಸಿಕೊಳ್ಳಿ

ಹಾಂಗ್‌ಕಾಂಗಿನಲ್ಲಿ ಎಲ್ಲರೂ ಹೋಗುವುದು ಕೌಲೂನಿನ ವಾಂಗ್ ತಾಯ್ ಸಿನ್ ದೇವಸ್ಥಾನಕ್ಕೆ. 1921ರಲ್ಲಿ ಈ ಜಾಗದಲ್ಲಿ ಸ್ಥಾಪನೆಯಾದದ್ದು. ಮೆಟ್ರೊ ನಿಲ್ದಾಣಕ್ಕೂ ಇದೇ ಹೆಸರು, ಆದ್ದರಿಂದ ದಾರಿ ತಪ್ಪುವುದಿಲ್ಲ. ಅಂಡೆಯಲ್ಲಿ 100 ಕಡ್ಡಿಗಳಿವೆ. ಇಲ್ಲಿನ ದೇವರು ವಾಂಗ್ ತಾಯ್ ಸಿನ್ ಮೂಲತಃ ಚೀನಾದ ಝೆಜಿಯಾಂಗ್ ಪ್ರಾಂತದ ಒಬ್ಬ ಕುರಿಗಾಹಿ ಹುಡುಗ. ಬಿಳಿ ಬಂಡೆಗಳನ್ನು ಕುರಿಗಳನ್ನಾಗಿ ಮಾಡಿದವನು ಎಂಬುದು ಐತಿಹ್ಯ.

ಸಿಂಗಪುರದಲ್ಲಿ ವಾಟರ್‌ಲೂ ಬೀದಿಯ ಕ್ವಾನ್ ಇಮ್ ದೇವಸ್ಥಾನವಿದೆ. ಕ್ವಾನ್ ಇಮ್ ಎಂದರೆ ಕರುಣೆಯ ದೇವಿ, ಬೌದ್ಧರ ಅವಲೋಕಿತೇಶ್ವರನ ಚೀನೀ ರೂಪ. ಕೆಲವೇ ಹೆಜ್ಜೆ ದೂರದಲ್ಲಿ ಶ್ರೀಕೃಷ್ಣ ದೇವಸ್ಥಾನವಿದ್ದು, ಕ್ವಾನ್ ಇಮ್‌ಗೆ ಕೈಮುಗಿದ ಚೀನೀ ಭಕ್ತರು ಕೃಷ್ಣನ ಮುಂದೆಯೂ ಊದುಬತ್ತಿ ಹಚ್ಚಿ ಹೋಗುತ್ತಾರೆ. ಅಲ್ಲಿರುವ ಕನ್ನಡಿಗರಿಗೆ ಇದಕ್ಕಿಂತ ಸಲೀಸಾದ ಜಾಗ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ತೈಪೆಯಲ್ಲಿ 1738ರಲ್ಲಿ ಕಟ್ಟಿದ ಲೋಂಗ್‌ಶಾನ್ ದೇವಸ್ಥಾನವಿದೆ. ಅಲ್ಲಿ 2020ರಿಂದ ಊದುಬತ್ತಿ ನಿಲ್ಲಿಸಿದ್ದಾರೆ. ಬರಿಗೈ ಜೋಡಿಸಿದರೆ ಸಾಕು, ಬತ್ತಿ ಕೊಂಡು ಒಯ್ಯಬೇಡಿ.

ಎಚ್ಚರಿಕೆ: ಚೀನೀ ಹೊಸವರ್ಷದ ಮೊದಲ ದಿನಗಳಲ್ಲಿ ಹೋಗಬೇಡಿ. ಜಾತ್ರೆಯಂಥ ನೂಕುನುಗ್ಗಲಿನಲ್ಲಿ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಎಷ್ಟೋ ಕಡೆ ಒಳಗೆ ಫೋಟೊ ತೆಗೆಯುವಂತಿಲ್ಲ, ಕೆಲವೆಡೆ ಚಪ್ಪಲಿ ಹೊರಗೆ ಬಿಡಬೇಕು. ಮುಂದಿನವರು ಏನು ಮಾಡುತ್ತಾರೋ ನೋಡಿ ಹಾಗೆಯೇ ಮಾಡಿ.

2. ಪ್ರಶ್ನೆಯನ್ನು ಬರೆದುಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿ. ದೇವಸ್ಥಾನದ ಅಂಗಳಕ್ಕೆ ಬಂದ ಮೇಲೆ ಪ್ರಶ್ನೆ ಹುಡುಕುತ್ತಾರೆ. ಆಗ ಮನಸ್ಸಿನಲ್ಲಿರುವ ಐದಾರು ಚಿಂತೆಗಳು ಒಟ್ಟಿಗೆ ಮೇಲೆದ್ದು ‘ನನ್ನ ಜೀವನ ಹೇಗಿದೆ?’ ಎಂಬ ಒಂದೇ ದೊಡ್ಡ ಪ್ರಶ್ನೆಯಾಗಿಬಿಡುತ್ತವೆ. ಅದಕ್ಕೆ ಯಾವ ಕಡ್ಡಿ ಬಂದರೂ ಉತ್ತರವೆಂದು ಅನ್ನಿಸುವುದಿಲ್ಲ.

ಹಿಂದಿನ ರಾತ್ರಿಯೇ ಕೂತು ಬರೆಯಿರಿ. ಒಂದು ಸಲಕ್ಕೆ ಒಂದೇ ವಿಷಯ. ಯಾರ ವಿಷಯ, ಯಾವ ಕೆಲಸ, ಎಷ್ಟು ಕಾಲ ಎಂಬ ಮೂರೂ ಪ್ರಶ್ನೆಯಲ್ಲಿ ಇರಬೇಕು. ‘ನನಗೆ ಒಳ್ಳೆಯ ಕೆಲಸ ಸಿಗುತ್ತದೆಯೇ?’ ಎಂದು ಬರೆದಿದ್ದರೆ ಹೊಡೆದು ಹಾಕಿ, ‘ಈಗಿನ ಕೆಲಸದಲ್ಲೇ ಬರುವ ಯುಗಾದಿಯವರೆಗೆ ಮುಂದುವರಿದರೆ ನನಗೂ ಮನೆಯವರಿಗೂ ಹೇಗೆ?’ ಎಂದು ಬರೆಯಿರಿ. ಮೊದಲನೆಯದು ಜಗತ್ತಿನ ಬಗ್ಗೆ ಕೇಳುತ್ತದೆ. ಎರಡನೆಯದು ನೀವು ಇಡುವ ಹೆಜ್ಜೆಯ ಬಗ್ಗೆ ಕೇಳುತ್ತದೆ. ಕಡ್ಡಿಯ ಪದ್ಯಗಳೆಲ್ಲ ಹೆಜ್ಜೆಯ ಬಗ್ಗೆಯೇ ಮಾತನಾಡುವುದರಿಂದ ಎರಡನೆಯ ಬಗೆಯ ಪ್ರಶ್ನೆಗೆ ಅವು ಚೆನ್ನಾಗಿ ಹೊಂದುತ್ತವೆ.

‘ಇದೋ, ಅದೋ’ ಎಂದು ಎರಡು ದಾರಿಗಳನ್ನು ಒಂದೇ ಪ್ರಶ್ನೆಯಲ್ಲಿ ತುರುಕಬೇಡಿ. ಬೆಂಗಳೂರಿಗೆ ವಾಪಸಾಗಲೇ, ಇಲ್ಲೇ ಇರಲೇ ಎಂದು ಕೇಳಿದರೆ ಬಂದ ಪದ್ಯ ಯಾವುದರ ಬಗ್ಗೆ ಎಂದು ನಿಮಗೆ ಎಂದಿಗೂ ತಿಳಿಯುವುದಿಲ್ಲ. ಒಂದು ದಾರಿಯನ್ನು ಮನಸ್ಸಿನಲ್ಲಿ ಆರಿಸಿಕೊಂಡು ಅದನ್ನೇ ಕೇಳಿ.

ಕಾಯಿಲೆಯ ವಿಷಯದಲ್ಲಿ ಒಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಶಸ್ತ್ರಚಿಕಿತ್ಸೆ ಮಾಡಿಸಬೇಕೇ, ಔಷಧಿ ನಿಲ್ಲಿಸಬೇಕೇ ಎಂಬುದನ್ನು ಕಡ್ಡಿಗೆ ಕೇಳಬೇಡಿ. ವೈದ್ಯರು ಹೇಳಿದ್ದನ್ನು ಮಾಡಿ. ಚಿಕಿತ್ಸೆಯ ದಿನಗಳಲ್ಲಿ ಧೈರ್ಯಗೆಡದೆ ಇರುವುದು ಹೇಗೆ ಎಂದು ಬೇಕಾದರೆ ದೇವಸ್ಥಾನದಲ್ಲಿ ಕೇಳಿ.

3. ದೇವರಿಗೆ ನಿಮ್ಮ ಪರಿಚಯ ಹೇಳಿ

ಊದುಬತ್ತಿ ಹಚ್ಚುವ ಕಡೆ ಸಾಮಾನ್ಯವಾಗಿ ಮೂರು ಬತ್ತಿ. ಮೊಣಕಾಲೂರಿ ಕುಳಿತು ಮನಸ್ಸಿನಲ್ಲೇ ನಿಮ್ಮ ಹೆಸರು, ಹುಟ್ಟಿದ ದಿನ, ಈಗ ವಾಸವಾಗಿರುವ ಊರು ಮತ್ತು ವಿಳಾಸ ಹೇಳಿ, ನಂತರ ಪ್ರಶ್ನೆ ಹೇಳಿ. ಪೂಜೆಗೆ ಮೊದಲು ನಾವು ಗೋತ್ರ, ನಕ್ಷತ್ರ ಹೇಳಿ ಸಂಕಲ್ಪ ಮಾಡುವ ಹಾಗೆಯೇ ಇದು. ಕನ್ನಡದಲ್ಲೇ ಹೇಳಿ, ಅದರಲ್ಲಿ ಸಂಕೋಚ ಬೇಡ.

4. ಅಂಡೆ ಅಲುಗಾಡಿಸಿ

ಅಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ಮುಂದಕ್ಕೆ ಬಾಗುವಂತೆ ಓರೆ ಮಾಡಿ. ನೆಲಕ್ಕೆ ಪೂರ್ತಿ ಬಗ್ಗಿಸಿದರೆ ಕಡ್ಡಿಗಳೆಲ್ಲ ಸುರಿಯುತ್ತವೆ, ನೆಟ್ಟಗೆ ಹಿಡಿದರೆ ಎಷ್ಟು ಹೊತ್ತಾದರೂ ಒಂದೂ ಬೀಳುವುದಿಲ್ಲ. ಅಕ್ಕಿ ಕೇರುವಾಗ ಮೊರವನ್ನು ತುಸು ಎತ್ತಿ ಕೊಡುವ ಆ ಸಣ್ಣ ಕುಲುಕು ಇದೆಯಲ್ಲ, ಅಷ್ಟು ಸಾಕು. ಮೊದಲು ಕಡ್ಡಿಗಳೆಲ್ಲ ಒಟ್ಟಾಗಿ ಗಲಗಲ ಎನ್ನುತ್ತವೆ. ಸ್ವಲ್ಪ ಹೊತ್ತಿನಲ್ಲಿ ಎರಡು ಮೂರು ಕಡ್ಡಿಗಳು ಉಳಿದವಕ್ಕಿಂತ ಬೆರಳಿನಷ್ಟು ಮೇಲೆ ಬರುತ್ತವೆ. ಅವುಗಳಲ್ಲಿ ಒಂದು ಅಂಚಿನ ಮೇಲೆ ತೂಗುತ್ತ, ಹಿಂದೆ ಜಾರುತ್ತ, ಮತ್ತೆ ಮುಂದೆ ಬರುತ್ತ, ಕೊನೆಗೆ ಟಕ್ಕನೆ ನೆಲಕ್ಕೆ ಬೀಳುತ್ತದೆ. ಕೈ ಆ ಲಯಕ್ಕೆ ಹೊಂದಿಕೊಂಡ ಆ ಎರಡು ಮೂರು ನಿಮಿಷ ತಲೆಯಲ್ಲಿ ಬೇರೆ ಯಾವ ಯೋಚನೆಯೂ ಇರುವುದಿಲ್ಲ. ಅಷ್ಟು ಹೊತ್ತು ಪ್ರಶ್ನೆಯನ್ನು ಮಾತ್ರ ಹಿಡಿದುಕೊಂಡಿರಿ.

ಎರಡು ಕಡ್ಡಿ ಒಟ್ಟಿಗೆ ಬಿದ್ದರೆ ಎರಡನ್ನೂ ಅಂಡೆಗೆ ಹಾಕಿ ಮತ್ತೆ ಶುರುಮಾಡಿ. ಚೆನ್ನಾಗಿರುವ ಸಂಖ್ಯೆಯನ್ನು ಆರಿಸಿಕೊಳ್ಳುವಂತಿಲ್ಲ. ತೈವಾನಿನ ಹಲವು ಕಡೆ ಅಂಡೆ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಲ್ಲ, ಉದ್ದನೆಯ ಕಡ್ಡಿಗಳು ಎತ್ತರದ ಪಾತ್ರೆಯಲ್ಲಿ ನಿಂತಿರುತ್ತವೆ. ಅಲ್ಲಿ ಕಡ್ಡಿಗಳ ಕಟ್ಟನ್ನು ಎರಡೂ ಕೈಯಿಂದ ಎತ್ತಿ ಬಿಟ್ಟಾಗ ಯಾವುದು ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೋ ಅದನ್ನು ತೆಗೆದುಕೊಳ್ಳಬೇಕು.

ಸಂಖ್ಯೆಯನ್ನು ಆಗಲೇ ಬರೆದುಕೊಳ್ಳಿ. ಕಡ್ಡಿಯನ್ನು ವಾಪಸ್ ಹಾಕಿದ ಮೇಲೆ 36 ಬಂತೋ 63 ಬಂತೋ ಎಂದು ಚಡಪಡಿಸುವವರನ್ನು ಕಂಡಿದ್ದೇನೆ.

5. ಅಪ್ಪಣೆ ಕೇಳಿ

ಇದು ಎಲ್ಲ ಕಡೆಯೂ ಇಲ್ಲ. ವಾಂಗ್ ತಾಯ್ ಸಿನ್‌ನಲ್ಲಿ ಸಾಮಾನ್ಯವಾಗಿ ಕಡ್ಡಿ ಬಿದ್ದರೆ ಅದೇ ಉತ್ತರ. ತೈವಾನ್ ಮತ್ತು ಸಿಂಗಪುರದಲ್ಲಾದರೆ ‘ಇದು ನನ್ನ ಕಡ್ಡಿಯೇ?’ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಅದಕ್ಕೆ ಬಳಸುವುದು ‘ಜಿಯಾವ್‌ಬೇ’, ಅಂದರೆ ಗೇರುಬೀಜದ ಆಕಾರದ ಎರಡು ಮರದ ತುಂಡುಗಳು. ಪ್ರತಿಯೊಂದಕ್ಕೂ ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಎದೆಯ ಎತ್ತರಕ್ಕೆ ಹಿಡಿದು ಕೈಬಿಡಿ.

ಒಂದು ಚಪ್ಪಟೆ, ಒಂದು ಉಬ್ಬು ಮೇಲಾಗಿ ಬಿದ್ದರೆ ಹೌದು. ಎರಡೂ ಉಬ್ಬು ಮೇಲಾದರೆ ಅಲ್ಲ. ಎರಡೂ ಚಪ್ಪಟೆ ಮೇಲಾದರೆ ಅದಕ್ಕೆ ‘ನಗು’ ಎಂದು ಹೆಸರು. ದೇವರು ನಗುತ್ತಿದ್ದಾನೆ, ಪ್ರಶ್ನೆ ಸ್ಪಷ್ಟವಾಗಿಲ್ಲ ಅಥವಾ ಉತ್ತರ ನಿನಗೇ ಗೊತ್ತಿದೆ ಎಂದು ಅರ್ಥ. ನಗು ಬಂದವರು ಬೇಸರಪಡಬಾರದು. ಬರೆದುಕೊಂಡ ಪ್ರಶ್ನೆಯನ್ನು ಸುಮ್ಮನೆ ಇನ್ನೊಮ್ಮೆ ಓದಿ. ಹತ್ತರಲ್ಲಿ ಆರೇಳು ಸಲ ತಪ್ಪು ಅದರಲ್ಲೇ ಇರುತ್ತದೆ ಎಂದು ನನಗೆ ಅನ್ನಿಸಿದೆ.

ಕೆಲವು ದೇವಸ್ಥಾನಗಳಲ್ಲಿ ಒಂದು ‘ಹೌದು’ ಸಾಕು, ತೈವಾನಿನ ಹಲವು ಕಡೆ ಸತತವಾಗಿ ಮೂರು ಬೇಕು. ಎರಡೂ ಬದಿ ಸಮವಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ ಸತತ ಮೂರು ‘ಹೌದು’ ಸಿಗುವುದು ಎಂಟರಲ್ಲಿ ಒಂದು ಸಲ ಮಾತ್ರ. ಆದ್ದರಿಂದ ಒಂದೆರಡು ಪ್ರಯತ್ನಕ್ಕೇ ‘ದೇವರು ನನ್ನನ್ನು ತಿರಸ್ಕರಿಸಿದ’ ಎಂದು ಕಣ್ಣು ತುಂಬಿಕೊಳ್ಳಬೇಡಿ. ಅಪ್ಪಣೆ ಸಿಗದಿದ್ದರೆ ಬೇರೆ ಕಡ್ಡಿ ಕೇಳಿ, ಮತ್ತೆ ತುಂಡು ಹಾಕಿ. ಮತ್ತೆ ಕೇಳುವುದಕ್ಕೆ ಅವಕಾಶವಿರುವುದು ಇಲ್ಲಿ ಮಾತ್ರ, ಚೀಟಿ ಓದುವ ಮೊದಲು. ಓದಿದ ಮೇಲೆ ಇಲ್ಲ.

6. ಚೀಟಿ ಓದಿ

ಗೋಡೆಯ ಪಕ್ಕ ಸಂಖ್ಯೆ ಬರೆದ ಸಣ್ಣ ಸಣ್ಣ ಖಾನೆಗಳಿರುತ್ತವೆ, ಇಲ್ಲವೇ ಕಿಟಕಿಯಲ್ಲಿ ಕೇಳಬೇಕು. ಚೀಟಿಯ ಮೇಲ್ಭಾಗದಲ್ಲಿ ಸಂಖ್ಯೆ, ಹಲವು ಕಡೆ ದರ್ಜೆ: ‘ಶಾಂಗ್’ ಎಂದರೆ ಮೇಲು, ‘ಜೋಂಗ್’ ಎಂದರೆ ನಡು, ‘ಶಿಯಾ’ ಎಂದರೆ ಕೆಳಗು. ಅದರ ಕೆಳಗೆ ನಾಲ್ಕು ಸಾಲಿನ ಪದ್ಯ, ಹೆಚ್ಚಾಗಿ ಸಾಲಿಗೆ ಏಳು ಅಕ್ಷರ. ಕೊನೆಯಲ್ಲಿ ಸಣ್ಣಕ್ಷರದಲ್ಲಿ ವಿಷಯವಾರು ಉತ್ತರಗಳು: ಮದುವೆ, ವ್ಯಾಪಾರ, ಪ್ರಯಾಣ, ಕಾಯಿಲೆ, ವ್ಯಾಜ್ಯ, ಕಳೆದ ವಸ್ತು, ದೂರದಿಂದ ಬರಬೇಕಾದ ಪತ್ರ, ದನಕರು. ತೈವಾನಿನ ಮಾಝು ದೇವಿಯ (ಮೀನುಗಾರರ ದೇವತೆ) ಗುಡಿಗಳಲ್ಲಿ ಬಳಸುವ 60 ಕಡ್ಡಿಗಳ ಕಟ್ಟಿನ ಕೆಲವು ಚೀಟಿಗಳಲ್ಲಿ ಕಡಲಿಗೆ ಇಳಿಯುವುದು, ಮೀನಿನ ಕೊಳ, ಮೀನುಮರಿ ಎಂದೂ ಪ್ರತ್ಯೇಕ ಸಾಲುಗಳಿವೆ. ಯಾರಿಗಾಗಿ ಈ ಪದ್ಯಗಳು ಹುಟ್ಟಿದವು ಎಂಬುದು ಅಲ್ಲೇ ಕಾಣುತ್ತದೆ.

ದರ್ಜೆ ನೋಡಿ ಚೀಟಿ ಮಡಚಿಡಬೇಡಿ. ವಾಂಗ್ ತಾಯ್ ಸಿನ್‌ನ ಮೊದಲನೆಯ ಕಡ್ಡಿ ಅತ್ಯುತ್ತಮ ದರ್ಜೆಯದು. ಅದು ಹೇಳುವ ಕಥೆ ಯಾರದು ಗೊತ್ತೇ? ಜಿಯಾಂಗ್ ಝಿಯಾ ಎಂಬ ಮುದುಕನದು. ಬಾಗಿಸದ ನೇರ ಗಾಳ ಹಿಡಿದು, ತಲೆಗೂದಲು ನರೆಯುವವರೆಗೆ ವೇಯ್ ನದಿಯ ದಡದಲ್ಲಿ ಮೀನು ಹಿಡಿಯುವವನಂತೆ ಕೂತಿದ್ದವನು. ಕೊನೆಗೆ ಝೌ ರಾಜ್ಯದ ಅರಸ ವೆನ್ ಆ ದಾರಿಯಲ್ಲಿ ಬಂದು ಅವನನ್ನು ಮಂತ್ರಿಯನ್ನಾಗಿ ಮಾಡಿಕೊಂಡ. ಎಲ್ಲಕ್ಕಿಂತ ಒಳ್ಳೆಯ ಕಡ್ಡಿಯಲ್ಲಿಯೂ ಇರುವುದು ಕಾಯುವಿಕೆಯೇ. ‘ಶುಭ’ ಎಂಬ ಅಕ್ಷರ ಮಾತ್ರ ನೋಡಿ ಕೆಲಸಕ್ಕೆ ರಾಜೀನಾಮೆ ಬರೆದವರು ಈ ಕಥೆಯನ್ನು ಓದಿರುವುದಿಲ್ಲ.

ಮೊಬೈಲ್ ಅನುವಾದವನ್ನು ನಂಬುವ ಮೊದಲು ಇದನ್ನು ತಿಳಿದಿರಿ. ಚೀಟಿಯಲ್ಲಿ ‘ಲಿಯು ಜಿಯಾ’ ಎಂಬ ಸಾಲಿರುತ್ತದೆ. ಅಕ್ಷರಶಃ ಅನುವಾದಿಸಿದರೆ ‘ಆರು ಕವಚ’ ಎಂದಾಗುತ್ತದೆ. ಅದರ ಅರ್ಥ ಬಸಿರು. ‘ಶಿಂಗ್ ರೆನ್’ ಎಂದರೆ ಇಂದಿನ ಚೀನೀ ಭಾಷೆಯಲ್ಲಿ ಪಾದಚಾರಿ, ಚೀಟಿಯಲ್ಲಿ ಮಾತ್ರ ಊರು ಬಿಟ್ಟು ಹೋಗಿರುವ ಮನೆಯವರು, ಅವರು ಯಾವಾಗ ಬರುತ್ತಾರೆ ಎಂಬ ವಿಷಯ. ಮಗನ ಬಗ್ಗೆ ಕೇಳಿದ ತಾಯಿ ಪಾದಚಾರಿಯ ಸಾಲನ್ನು ಬಿಟ್ಟು ಮುಂದೆ ಹೋದರೆ ಉತ್ತರ ಅಲ್ಲೇ ಉಳಿದುಹೋಗುತ್ತದೆ.

ಪದ್ಯ ನಿಮ್ಮ ವಿಷಯವನ್ನು ಬಿಟ್ಟು ಬೇರೇನೋ ಹೇಳುತ್ತಿದೆ ಎಂದು ಅನ್ನಿಸುವುದೂ ಉಂಟು. 60ರ ಕಟ್ಟಿನ ಮೂರನೆಯ ಪದ್ಯವನ್ನು ನೋಡಿ:

ಗಟ್ಟಿ ಹಿಡಿ ಮನವನ್ನು, ಪೊಳ್ಳಾಗಗೊಡಬೇಡ,
ಬಾನು ಬರೆದಿಟ್ಟ ನಂಟು ತಾನಾಗಿ ತುಂಬೀತು,
ಒಂದರ ಮೇಲೊಂದು ಒಲವು ಕೂಡಿ ಹಿಗ್ಗೀತು,
ಕಾಲ ಬಂದಾಗ ಕಡೆಗೆ ಹೊಳೆವ ಮುತ್ತು ದೊರಕೀತು.

ಕೆಲಸದ ಬಗ್ಗೆ ಕೇಳಿದವರಿಗೆ ಇದು ಬಂದರೆ ‘ಮದುವೆಯ ಮಾತು ಯಾಕೆ?’ ಎಂದು ಗೊಂದಲವಾಗುತ್ತದೆ. ಎರಡನೆಯ ಸಾಲನ್ನು ಹೋಲಿಕೆಯಾಗಿ ತೆಗೆದುಕೊಂಡು ಮೊದಲ ಮತ್ತು ಕೊನೆಯ ಸಾಲುಗಳನ್ನು ಓದಿ. ಮನಸ್ಸು ಗಟ್ಟಿಯಾಗಿರಲಿ, ಕಾಲ ಬರಲಿ. ಅಷ್ಟು ಸಾಕು. ನಾಲ್ಕು ಸಾಲುಗಳಲ್ಲಿ ನಿಮಗೆ ಹೇಳಿದ ಕ್ರಿಯಾಪದ ಯಾವುದು ಎಂದು ಹುಡುಕುವುದೇ ಓದುವ ಸುಲಭ ದಾರಿ: ಹಿಡಿ, ಕಾಯಿ, ಬಿಡು, ಹೊರಡು.

ಬಿಡಿಸಿ ಹೇಳುವವರು ಬೇಕಾದರೆ ವಾಂಗ್ ತಾಯ್ ಸಿನ್ ಪಕ್ಕದಲ್ಲೇ ಸಾಲು ಮಳಿಗೆಗಳಿವೆ, ಇಂಗ್ಲಿಷ್ ಬಲ್ಲವರೂ ಇದ್ದಾರೆ. ಕೂರುವ ಮೊದಲೇ ದರ ಕೇಳಿ. ಕೆಟ್ಟ ಕಡ್ಡಿ ಬಂದಿದೆ, ದೋಷ ಕಳೆಯಲು ಇಂತಿಷ್ಟು ಹಣದ ಪೂಜೆಯಾಗಬೇಕು ಎಂದು ಯಾರಾದರೂ ಹೇಳಿದರೆ ವಂದಿಸಿ ಎದ್ದು ಬನ್ನಿ. ಇದು ಎಲ್ಲ ದೇಶದಲ್ಲೂ ಇರುವ ಕಾಟ.

7. ನಡುಮಟ್ಟದ ಕಡ್ಡಿಯನ್ನು ಮನೆಗೆ ತನ್ನಿ

ನಡುಮಟ್ಟದ ಕಡ್ಡಿ ಬಂತೆಂದು ನಿರಾಸೆಪಡುವವರಿಗೆ ಮೊದಲು ಒಂದು ಲೆಕ್ಕ. ಹಾಂಗ್‌ಕಾಂಗಿನ ಶಾ ಟಿನ್‌ನಲ್ಲಿರುವ ಚೆ ಕುಂಗ್ ದೇವಸ್ಥಾನದ 96 ಕಡ್ಡಿಗಳಲ್ಲಿ 35 ಮೇಲು, 44 ನಡು, 17 ಕೆಳಗು. ಎಲ್ಲಕ್ಕಿಂತ ಹೆಚ್ಚು ಇರುವುದು ನಡುವಿನವೇ. ಈ ಪದ್ಯಗಳನ್ನು ಕಟ್ಟಿದವರಿಗೆ ಬದುಕು ಗೊತ್ತಿತ್ತು. ನಮ್ಮ ವರ್ಷದ ಬಹುಪಾಲು ದಿನಗಳು ಹಬ್ಬವೂ ಅಲ್ಲ, ಸೂತಕವೂ ಅಲ್ಲ.

ಇದೇ ದೇವಸ್ಥಾನದಲ್ಲಿ ಪ್ರತಿ ಹೊಸವರ್ಷಕ್ಕೆ ಇಡೀ ನಗರದ ಪರವಾಗಿ ಒಂದು ಕಡ್ಡಿ ಕೇಳುತ್ತಾರೆ. 2003ರಲ್ಲಿ ಕೆಳದರ್ಜೆಯದು ಬಂತು, ಅದೇ ವರ್ಷ ಸಾರ್ಸ್ ಕಾಯಿಲೆ ನಗರವನ್ನು ಕಾಡಿತು. ಇದನ್ನು ಹೇಳಿ ಹೆದರಿಸುವವರು ನಿಮಗೂ ಸಿಗುತ್ತಾರೆ. ಆ ವರ್ಷ ಜನರನ್ನು ಉಳಿಸಿದ್ದು ಆಸ್ಪತ್ರೆಗಳಲ್ಲಿ ಹಗಲಿರುಳು ದುಡಿದವರು ಎಂಬುದನ್ನೂ ಜೊತೆಗೆ ನೆನೆಯಿರಿ.

ಮನೆಗೆ ಬಂದ ಮೇಲೆ ಮಾಡಬೇಕಾದದ್ದು ಹೀಗೆ. ಚೀಟಿಯ ಹಿಂಬದಿಯಲ್ಲಿ ದಿನಾಂಕ ಮತ್ತು ನಿಮ್ಮ ಪ್ರಶ್ನೆಯನ್ನು ಬರೆಯಿರಿ. ಪದ್ಯದಲ್ಲಿ ಸಿಕ್ಕ ಕ್ರಿಯಾಪದವನ್ನು ಅದರ ಕೆಳಗೆ ಬರೆಯಿರಿ. ‘ಕಾಯಿ’ ಎಂದಿದ್ದರೆ ಎಲ್ಲಿಯವರೆಗೆ ಎಂದು ನೀವೇ ಒಂದು ದಿನ ಗೊತ್ತುಮಾಡಿ. ಅಲ್ಲಿಯವರೆಗೆ ಆ ವಿಷಯವನ್ನು ಊಟದ ಹೊತ್ತಿನಲ್ಲಿ, ಮಲಗುವ ಹೊತ್ತಿನಲ್ಲಿ ಮನೆಯಲ್ಲಿ ಎತ್ತುವುದಿಲ್ಲ ಎಂದು ಮನೆಯವರೊಡನೆ ಒಪ್ಪಂದ ಮಾಡಿಕೊಳ್ಳಿ. ಕಡ್ಡಿ ಕೊಡುವ ದೊಡ್ಡ ಉಪಕಾರ ಇದೇ ಎಂದು ನಾನು ನಂಬಿದ್ದೇನೆ: ಕೇಳುವುದನ್ನು ಸ್ವಲ್ಪ ಕಾಲ ನಿಲ್ಲಿಸಲು ಅದು ಅನುಮತಿ ಕೊಡುತ್ತದೆ. ಮತ್ತೆ ಮತ್ತೆ ಕಡ್ಡಿ ಕೇಳುವವರು ಕಳೆದುಕೊಳ್ಳುವುದು ಈ ಅನುಮತಿಯನ್ನೇ. ಅದಕ್ಕಾಗಿಯೇ ಆರಂಭದಲ್ಲಿ ಬೇಡ ಎಂದದ್ದು.

ಈಗ ಸಣ್ಣಕ್ಷರದ ಆ ವಿಷಯಪಟ್ಟಿಗೆ ಬನ್ನಿ. ನೀವು ಕೇಳಿದ್ದು ಅದರಲ್ಲಿ ಒಂದೇ ಸಾಲು. ಉಳಿದವನ್ನು ನಿಧಾನವಾಗಿ, ಒಂದೊಂದಾಗಿ ಬೆರಳಿಟ್ಟು ಓದಿ. ವ್ಯಾಜ್ಯ: ನನಗೆ ಕೋರ್ಟಿನಲ್ಲಿ ಯಾವ ಮೊಕದ್ದಮೆಯೂ ಇಲ್ಲ. ಊರು ಬಿಟ್ಟವರು: ಮಗಳು ಭಾನುವಾರ ಫೋನ್ ಮಾಡಿದ್ದಳು. ಕಾಯಿಲೆ: ಅಮ್ಮನ ಸಕ್ಕರೆ ಹತೋಟಿಯಲ್ಲಿದೆ. ಕಳೆದ ವಸ್ತು: ಇಲ್ಲ. ಮನೆ: ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿದ್ದಾಗಿದೆ. ಶತಮಾನಗಳಿಂದ ಜನ ಯಾವುದಕ್ಕಾಗಿ ದೇವರ ಮುಂದೆ ಮೊಣಕಾಲೂರಿದ್ದಾರೋ ಅವುಗಳಲ್ಲಿ ಎಷ್ಟು ಸಾಲುಗಳ ಪಕ್ಕ ನೀವು ‘ಸದ್ಯಕ್ಕೆ ಸರಿ’ ಎಂದು ಗುರುತು ಹಾಕಬಹುದು ನೋಡಿ. ಅಂಥ ಪ್ರತಿಯೊಂದಕ್ಕೂ ಪೆನ್ನಿನಲ್ಲೇ ಗುರುತು ಹಾಕಿ, ಮನಸ್ಸಿನಲ್ಲೇ ಮಾಡಿದರೆ ಅದು ನಿಲ್ಲುವುದಿಲ್ಲ. ಯಾವುದಾದರೂ ಸಾಲಿನಲ್ಲಿ ನಿಜಕ್ಕೂ ನೋವಿದ್ದರೆ ಖಾಲಿ ಬಿಡಿ, ಸುಳ್ಳು ಗುರುತು ಹಾಕಬೇಡಿ.

ಚೀನೀಯರಲ್ಲಿ ‘ಜೀ ತ್ಸು’ ಎಂಬ ಮಾತಿದೆ, ತೃಪ್ತಿ ಎಂಬುದಕ್ಕೆ ಅವರು ಬಳಸುವ ಪದ. ‘ಜೀ’ ಎಂದರೆ ಅರಿಯುವುದು. ‘ತ್ಸು’ ಎಂಬ ಅಕ್ಷರಕ್ಕೆ ಪಾದ ಎಂದೂ ಸಾಕು ಎಂದೂ ಎರಡು ಅರ್ಥ. ಎಷ್ಟಕ್ಕೆ ಸಾಕು ಎಂದು ಅರಿಯುವುದು. ಅದು ಆಸೆಯನ್ನು ಬಿಟ್ಟುಬಿಡುವುದಲ್ಲ. ಕೇಳಿದ ಆ ಒಂದು ಸಾಲಿಗಾಗಿ ಖಂಡಿತ ದುಡಿಯಿರಿ, ಅರ್ಜಿ ಹಾಕಿ, ಹತ್ತು ಜನರನ್ನು ವಿಚಾರಿಸಿ. ಆ ಸಾಲು ಉಳಿದ ಸಾಲುಗಳನ್ನು ನುಂಗದ ಹಾಗೆ ನೋಡಿಕೊಳ್ಳಿ ಎಂದಷ್ಟೇ.

ಕೆಳದರ್ಜೆಯ ಕಡ್ಡಿ ಬಂದವರಿಗೂ ಇದೇ ಕ್ರಮ. ಜಪಾನಿನಲ್ಲಿ ಇದರ ಸೋದರಿಯಂಥ ‘ಒಮಿಕುಜಿ’ ಚೀಟಿ ಕೆಟ್ಟದಾಗಿ ಬಂದರೆ ಅದನ್ನು ಅಲ್ಲೇ ಕಟ್ಟಿ ಬರುವ ರೂಢಿಯಿದೆ. ಚೀಟಿ ಮನೆಯಲ್ಲಿರುವುದು ಭಾರವೆನಿಸಿದರೆ, ಪದ್ಯವನ್ನು ಪುಸ್ತಕಕ್ಕೆ ಇಳಿಸಿಕೊಂಡು ಚೀಟಿಯನ್ನು ದೇವಸ್ಥಾನದಲ್ಲೇ ಬಿಡಬಹುದೇ ಎಂದು ಅಲ್ಲಿಯವರನ್ನು ಕೇಳಿ.

8. ಗೊತ್ತುಮಾಡಿದ ದಿನ ಬಂದಾಗ

ಚೀಟಿ ಬಿಡಿಸಿ ಮತ್ತೆ ಓದಿ. ಪ್ರಶ್ನೆ ಇನ್ನೂ ಅದೇ ಆಗಿದೆಯೇ ಎಂದು ನೋಡಿ. ಎಷ್ಟೋ ಸಲ ಪ್ರಶ್ನೆಯೇ ಬದಲಾಗಿರುತ್ತದೆ. ಇನ್ನೂ ಅದೇ ಇದ್ದು, ಪರಿಸ್ಥಿತಿ ಮಾತ್ರ ಬೇರೆಯಾಗಿದ್ದರೆ ಆಗ ಹೊಸದಾಗಿ ಕಡ್ಡಿ ಕೇಳಬಹುದು.

ಉತ್ತರ ಹೇಗೇ ಬಂದಿರಲಿ, ಕೇಳಿದ ದೇವಸ್ಥಾನಕ್ಕೆ ವರ್ಷದೊಳಗೆ ಹೋಗಿ ವಂದನೆ ಹೇಳಿ ಬರುವುದು ಅಲ್ಲಿಯವರ ರೂಢಿ. ನಾವು ಹರಕೆ ಒಪ್ಪಿಸುವ ಹಾಗೆ. ಹಣ್ಣು, ಹೂವು ಸಾಕು. ದೂರದ ಊರಿಗೆ ಮರಳಿ ಬಂದಿದ್ದರೆ ಆ ದಿಕ್ಕಿಗೆ ತಿರುಗಿ ಮನಸ್ಸಿನಲ್ಲೇ ಹೇಳಿಕೊಳ್ಳಿ. ಹೋಗಲು ಸಾಧ್ಯವಾದವರು ಗುರುತು ಹಾಕಿದ ಚೀಟಿಯನ್ನೂ ಜೊತೆಗೆ ಒಯ್ಯಿರಿ, ‘ಸದ್ಯಕ್ಕೆ ಸರಿ’ ಎಂದು ಬರೆದ ಸಾಲುಗಳನ್ನು ಒಂದೊಂದಾಗಿ ದೇವರ ಮುಂದೆ ಓದಿ ಹೇಳಿ. ಆ ದಿನ ಅಂಡೆಯನ್ನು ಮುಟ್ಟಬೇಡಿ.